ಲಾಕ್‌ಡೌನ್‌ನಲ್ಲಿ ನೀವು ಕೊಟ್ಟ ದುಡ್ಡು ನಿಜಕ್ಕೂ ಏನು ಮಾಡಿತು?

ಪ್ರಶ್ನೆ: 2020 ಮತ್ತು 2021ರ ಲಾಕ್‌ಡೌನ್‌ಗಳಲ್ಲಿ ನಮ್ಮ ಅಪಾರ್ಟ್‌ಮೆಂಟಿನವರೆಲ್ಲ ಹಣ ಕೂಡಿಸಿ ಬೆಂಗಳೂರಿನ ಒಂದೆರಡು ಸಂಸ್ಥೆಗಳಿಗೆ ಕೊಟ್ಟಿದ್ದೆವು. ಸ್ವಲ್ಪ ರೇಷನ್ ಕಿಟ್ ನಾವೇ ಹಂಚಿದ್ದೆವು. ಸರ್ಕಾರವೇ ಉಚಿತವಾಗಿ ಅಕ್ಕಿ ಕೊಡುತ್ತಿದ್ದಾಗ ನಮ್ಮ ದುಡ್ಡಿನಿಂದ ನಿಜವಾಗಿ ಏನಾದರೂ ವ್ಯತ್ಯಾಸ ಆಯಿತಾ ಅಂತ ನನಗೆ ಈಗಲೂ ಅನುಮಾನ. ಮತ್ತೆ ಅಂಥ ಕಾಲ ಬಂದರೆ ಯಾರಿಗೆ, ಹೇಗೆ ಕೊಡಬೇಕು? ಆಗಿನ ಹಣ ಸಂಘದ ಖಾತೆಯಲ್ಲಿ ಇನ್ನೂ ಸ್ವಲ್ಪ ಉಳಿದಿದೆ. ಅದನ್ನೇನು ಮಾಡೋಣ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ವ್ಯತ್ಯಾಸ ಆಯಿತು, ತುಂಬಾನೇ ಆಯಿತು. ಆದರೆ ಎಲ್ಲ ದುಡ್ಡೂ ಒಂದೇ ಥರ ಕೆಲಸ ಮಾಡಲಿಲ್ಲ. ಆ ಎರಡು ವರ್ಷ ನಾನು ಬೆಂಗಳೂರಿನ ಪೂರ್ವ ಭಾಗದ ಕೊಳೆಗೇರಿಗಳಲ್ಲಿ, ಶೆಡ್ಡುಗಳಲ್ಲಿ ಪರಿಹಾರದ ಕೆಲಸ ನೋಡಿಕೊಳ್ಳುತ್ತಿದ್ದೆ. ಯಾವ ದುಡ್ಡು ಎಲ್ಲಿ ಹಿಡಿಯಿತು, ಎಲ್ಲಿ ಸೋರಿತು ಅಂತ ಹತ್ತಿರದಿಂದ ಕಂಡಿದ್ದೇನೆ. ಅದನ್ನೇ ಬರೆಯುತ್ತೇನೆ.

ಮೊದಲು ನಿಮ್ಮ ಅನುಮಾನಕ್ಕೆ ಬರೋಣ. ಸರ್ಕಾರ ಅಕ್ಕಿ ಕೊಡುತ್ತಿತ್ತಲ್ಲ ಅಂತ ಕೇಳಿದ್ದೀರಿ. ಹೌದು, ಕೊಡುತ್ತಿತ್ತು. 2020ರ ಮಾರ್ಚ್ 24ರ ರಾತ್ರಿ 8 ಗಂಟೆಗೆ ಲಾಕ್‌ಡೌನ್ ಘೋಷಣೆಯಾಯಿತು, ಅವತ್ತೇ ಮಧ್ಯರಾತ್ರಿಯಿಂದ ಜಾರಿ. 26ನೇ ತಾರೀಖು ಕೇಂದ್ರ ಸರ್ಕಾರ ತಲೆಗೆ ತಿಂಗಳಿಗೆ 5 ಕೆಜಿ ಧಾನ್ಯ, ಮನೆಗೆ 1 ಕೆಜಿ ಬೇಳೆ ಉಚಿತ ಎಂದಿತು. ಇದು ಬೇಗನೇ ಆಯಿತು, ಒಳ್ಳೆಯದೇ ಆಯಿತು. ಆದರೆ ಅದು ರೇಷನ್ ಕಾರ್ಡ್ ಇದ್ದವರಿಗೆ. ಕಾರ್ಡ್ ಇಲ್ಲದ ವಲಸೆ ಕಾರ್ಮಿಕರಿಗೂ ತಲೆಗೆ 5 ಕೆಜಿ ಕೊಡುತ್ತೇವೆ ಅಂತ ಕೇಂದ್ರ ಹೇಳಿದ್ದು ಮೇ 14ಕ್ಕೆ. ಲೆಕ್ಕ ಹಾಕಿ ನೋಡಿ, ನಡುವೆ 50 ದಿನ. ದಿನಗೂಲಿ ನಿಂತುಹೋದ ಮನೆಯಲ್ಲಿ 50 ದಿನ ಅಂದರೆ ಏನು ಅಂತ ಯೋಚಿಸಿ. ಅದೂ ಘೋಷಣೆಯ ತಾರೀಖು ಮಾತ್ರ. ಘೋಷಣೆಯಾದ ಮೇಲೆ ಅಕ್ಕಿ ಗೋದಾಮಿನಿಂದ ಅಂಗಡಿಗೆ ಬರಬೇಕು, ಪಟ್ಟಿ ಆಗಬೇಕು, ಹಂಚಬೇಕು.

ಆ 50 ದಿನ ಅವರಿಗೆ ಯಾರು ಊಟ ಹಾಕಿದರು? ಕೆಲವು ಕಡೆ ರಾಜ್ಯ ಸರ್ಕಾರ, ಪಾಲಿಕೆ. ಬೆಂಗಳೂರಿನ ಕೊಳೆಗೇರಿಗಳಲ್ಲಿ ಏಪ್ರಿಲ್‌ನಲ್ಲಿ ನಂದಿನಿ ಹಾಲು ಉಚಿತವಾಗಿ ಹಂಚಿದರು, ಅದು ಮಕ್ಕಳಿರುವ ಮನೆಗಳಿಗೆ ದೊಡ್ಡ ಆಸರೆ ಆಯಿತು. ಉಳಿದದ್ದನ್ನು ಬಹುಪಾಲು ತುಂಬಿದ್ದು ಜನರ ದುಡ್ಡು. ನಿಮ್ಮಂಥವರು ಕೊಟ್ಟ 500, 2,000, 10,000 ರೂಪಾಯಿ.

ನಗರದ ಬಡವರಲ್ಲಿ ಇಷ್ಟೊಂದು ಜನರಿಗೆ ಕಾರ್ಡ್ ಯಾಕಿಲ್ಲ ಅಂತ ಕೇಳಬಹುದು. ಕಾರಣ ಕಾನೂನಿನಲ್ಲೇ ಇದೆ. 2013ರ ಆಹಾರ ಭದ್ರತಾ ಕಾಯ್ದೆ ಹಳ್ಳಿಯ ಜನರಲ್ಲಿ ಶೇ. 75ರಷ್ಟು ಮಂದಿಗೆ ರೇಷನ್ ಕೊಡುತ್ತದೆ, ನಗರದಲ್ಲಿ ಶೇ. 50ರಷ್ಟು ಮಂದಿಗೆ ಮಾತ್ರ. ಆ ಲೆಕ್ಕವೂ 2011ರ ಜನಗಣತಿಯದು. ಆಮೇಲೆ ಬೆಂಗಳೂರು ಎಷ್ಟು ಬೆಳೆದಿದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದು ಖಾಲಿ ಸೈಟುಗಳಲ್ಲಿ ನೀಲಿ ಟಾರ್ಪಾಲಿನ ಗುಡಿಸಲು ಹಾಕಿಕೊಂಡು ಇರುವವರಿದ್ದಾರಲ್ಲ, ಅವರಲ್ಲಿ ಎಷ್ಟೋ ಜನರಿಗೆ ಕಾರ್ಡ್ ಇದೆ, ಆದರೆ ಅದು ಊರಲ್ಲಿ ಅತ್ತೆಯ ಹತ್ತಿರ. ಅಲ್ಲಿ ವಯಸ್ಸಾದವರು, ಮಕ್ಕಳು ಅದೇ ಅಕ್ಕಿ ತಿನ್ನುತ್ತಿರುತ್ತಾರೆ. ಕಾರ್ಡನ್ನು ಇಲ್ಲಿ ಬಳಸಿದರೆ ಅಲ್ಲಿಗೆ ಕಡಿಮೆ ಆಗುತ್ತದೆ. ಬಂಗಾಳ, ಬಿಹಾರ, ಒಡಿಶಾದವರ ಕಥೆ ಬೇರೆಯೇ. ಅವರ ಕಾರ್ಡ್ ಆಗ ಇಲ್ಲಿ ನಡೆಯುತ್ತಲೇ ಇರಲಿಲ್ಲ ಅಂದರೂ ಸರಿ. ಒಂದು ದೇಶ ಒಂದು ರೇಷನ್ ಕಾರ್ಡ್ ವ್ಯವಸ್ಥೆಯನ್ನು ಎಲ್ಲ ರಾಜ್ಯಗಳೂ 2021ರ ಜುಲೈ 31ರೊಳಗೆ ಜಾರಿ ಮಾಡಲೇಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2021ರ ಜೂನ್‌ನಲ್ಲಿ, ಅಷ್ಟು ಹೊತ್ತಿಗೆ ಎರಡನೇ ಅಲೆಯೂ ಇಳಿಯುತ್ತಿತ್ತು.

ಇನ್ನೊಂದು ಲೆಕ್ಕ. 5 ಕೆಜಿಯನ್ನು 30 ದಿನಕ್ಕೆ ಹಂಚಿದರೆ ದಿನಕ್ಕೆ 167 ಗ್ರಾಂ. ಮೈಮುರಿದು ದುಡಿಯುವವರು ದಿನಕ್ಕೆ 400 ಗ್ರಾಂ ಅಕ್ಕಿಯನ್ನು ಸುಲಭವಾಗಿ ಉಣ್ಣುತ್ತಾರೆ, ಯಾಕೆಂದರೆ ಅವರ ತಟ್ಟೆಯಲ್ಲಿ ಅನ್ನ ಬಿಟ್ಟರೆ ಜಾಸ್ತಿ ಏನೂ ಇರುವುದಿಲ್ಲ. ಹಾಗಾಗಿ ಕಾರ್ಡ್ ಇದ್ದ ಮನೆಯಲ್ಲೂ ತಿಂಗಳ ಕೊನೆಯಲ್ಲಿ ಡಬ್ಬಿ ಖಾಲಿ. ಮೇಲಾಗಿ ಶಾಲೆ, ಅಂಗನವಾಡಿ ಮುಚ್ಚಿದ್ದವು. ಮಧ್ಯಾಹ್ನದ ಬಿಸಿಯೂಟ ಶಾಲೆಯಲ್ಲೇ ಆಗುತ್ತಿದ್ದ ಮಕ್ಕಳೂ ಮನೆಯಲ್ಲೇ ಉಣ್ಣಬೇಕಾಯಿತು.

ವಲಸೆ ಕಾರ್ಮಿಕರ ಫೋನ್ ಕರೆಗಳಿಗೆ ಸ್ಪಂದಿಸಲು ಸ್ವಾನ್ ಎಂಬ ಸ್ವಯಂಸೇವಕರ ಜಾಲ ಆ ದಿನಗಳಲ್ಲಿ ಹುಟ್ಟಿಕೊಂಡಿತು. ಏಪ್ರಿಲ್ ಮಧ್ಯದಲ್ಲಿ ಅವರು ಹೊರತಂದ ವರದಿಯಲ್ಲಿ 11,000ಕ್ಕೂ ಹೆಚ್ಚು ಕಾರ್ಮಿಕರ ಮಾಹಿತಿ ಇತ್ತು. ಅದರಲ್ಲಿ ಅರ್ಧದಷ್ಟು ಜನರ ಹತ್ತಿರ ಒಂದು ದಿನಕ್ಕೂ ಸಾಲದಷ್ಟು ರೇಷನ್ ಉಳಿದಿತ್ತು. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಗೆ ಸರ್ಕಾರದ ರೇಷನ್ ಸಿಕ್ಕಿರಲಿಲ್ಲ. ಈ ಜಾಲದವರು ಏನು ಮಾಡಿದರು ಗೊತ್ತಾ? ಕರೆ ಮಾಡಿದವರ ಕಷ್ಟ ಕೇಳಿ, ಖಾತೆ ಸಂಖ್ಯೆ ತೆಗೆದುಕೊಂಡು, ದಾನಿಗಳಿಂದ ನೇರವಾಗಿ ಆ ಖಾತೆಗೆ ಸಣ್ಣ ಸಣ್ಣ ಮೊತ್ತ ಹಾಕಿಸಿದರು. ನಗದಿನ ವಿಷಯಕ್ಕೆ ಆಮೇಲೆ ಬರುತ್ತೇನೆ, ಅದು ಮುಖ್ಯ.

ಈಗ ಕಿಟ್ ಬಗ್ಗೆ. ಕಿಟ್ ಅಂದರೆ 10 ಕೆಜಿ ಅಕ್ಕಿ, 2 ಕೆಜಿ ಬೇಳೆ, ಒಂದು ಲೀಟರ್ ಎಣ್ಣೆ, ಉಪ್ಪು, ಸಕ್ಕರೆ, ಖಾರದ ಪುಡಿ, ಟೀ ಪುಡಿ, ಸೋಪು. 2020ರಲ್ಲಿ ಸುಮಾರು 1,000 ರೂಪಾಯಿ ಬೀಳುತ್ತಿತ್ತು. ನಾಲ್ಕೈದು ಜನರ ಮನೆಗೆ ಹತ್ತು ಹದಿನೈದು ದಿನ ಎಳೆಯಬಹುದು. ಕಾಗದದ ಮೇಲೆ ಎಲ್ಲ ಸರಿ. ಆದರೆ ಅಲ್ಲಿ ಕೂತು ಅಡುಗೆ ಮಾಡುವವರನ್ನು ಕೇಳಿದರೆ ಬೇರೆಯೇ ಸಂಗತಿಗಳು ಹೊರಗೆ ಬರುತ್ತವೆ. ಟಾರ್ಪಾಲಿನ ಮನೆಯಲ್ಲಿ ಕುಕ್ಕರ್ ಇಲ್ಲ. ಮೂರು ಕಲ್ಲಿನ ಒಲೆ, ಇಲ್ಲಾ ಅಂಗಡಿಯಲ್ಲಿ ಕೆಜಿ ಲೆಕ್ಕದಲ್ಲಿ ತುಂಬಿಸಿಕೊಳ್ಳುವ ಸಣ್ಣ ಸಿಲಿಂಡರ್. ತೊಗರಿ ಬೇಳೆ ಬೇಯುವಷ್ಟರಲ್ಲಿ ಗ್ಯಾಸ್ ಮುಗಿಯುತ್ತದೆ. ಹೆಸರು ಬೇಳೆಯೋ ಕೆಂಪು ಮಸೂರ ಬೇಳೆಯೋ ಆದರೆ ಅರ್ಧ ಹೊತ್ತಿನಲ್ಲಿ ಬೇಯುತ್ತದೆ. ಇದು ಗೊತ್ತಾದ ಮೇಲೆ ನಾವು ಕಿಟ್‌ನಲ್ಲಿ ಬೇಳೆ ಬದಲಾಯಿಸಿದೆವು, ಖರ್ಚು ಒಂದು ರೂಪಾಯಿಯೂ ಹೆಚ್ಚಾಗಲಿಲ್ಲ. ಉತ್ತರ ಕರ್ನಾಟಕದವರಿಗೆ ಜೋಳ ಕೊಟ್ಟರೆ ಖುಷಿ ಪಡುತ್ತಾರೆ ಅಂತ ಒಬ್ಬ ದಾನಿ ಜೋಳದ ಮೂಟೆಗಳನ್ನೇ ಕಳಿಸಿದರು. ಒಳ್ಳೆಯ ಮನಸ್ಸು. ಆದರೆ ಆ ವಾರ ಗಿರಣಿಗಳೆಲ್ಲ ಬಂದ್. ಆ ಜೋಳವನ್ನು ಬೀಸಿಸಿ ಹಿಟ್ಟು ಮಾಡಿಸಲು ಗಿರಣಿಯವರನ್ನು ಹುಡುಕಿ, ಒಪ್ಪಿಸಿ, ಪೊಲೀಸರಿಂದ ಪಾಸ್ ಕೊಡಿಸಬೇಕಾಯಿತು. ಬಂಗಾಳದವರು ಆಲೂಗಡ್ಡೆ, ಸಾಸಿವೆ ಎಣ್ಣೆ ಕೇಳುತ್ತಿದ್ದರು. ಎಳೆಮಗು ಇರುವ ಮನೆಗೆ ಹಾಲಿನ ಪುಡಿ ಬೇಕು. ಹೆಣ್ಣುಮಕ್ಕಳಿಗೆ ಪ್ಯಾಡ್ ಬೇಕು, ಅದನ್ನು ಅವರು ಗಂಡಸರ ಮುಂದೆ ಬಾಯಿಬಿಟ್ಟು ಕೇಳುವುದಿಲ್ಲ.

ಟೀ ಪುಡಿ, ಸಕ್ಕರೆ ಯಾಕೆ, ಅದು ಅಗತ್ಯ ವಸ್ತುವಾ ಅಂತ ಕೆಲವು ದಾನಿಗಳು ಪಟ್ಟಿಯಿಂದ ಹೊಡೆದು ಹಾಕುತ್ತಿದ್ದರು. ದಯವಿಟ್ಟು ಹಾಗೆ ಮಾಡಬೇಡಿ. ಹೊಟ್ಟೆ ತುಂಬದ ದಿನ ಒಂದು ಲೋಟ ಟೀ ಎಷ್ಟು ದೊಡ್ಡದು ಅಂತ ಕೂಲಿ ಮಾಡುವವರಿಗೆ ಗೊತ್ತು.

ಬೇಯಿಸಿದ ಊಟದ್ದೂ ಇದೇ ಕಥೆ. ಒಲೆಯೇ ಇಲ್ಲದವರಿಗೆ, ರಸ್ತೆಬದಿಯಲ್ಲಿ ಇರುವವರಿಗೆ, ಹತ್ತು ಹನ್ನೆರಡು ಗಂಡಸರು ಒಂದೇ ರೂಮಿನಲ್ಲಿ ಇರುವ ಕಡೆ ಅದೇ ಸರಿ. ಆದರೆ ಏಪ್ರಿಲ್ ಬಿಸಿಲಿನಲ್ಲಿ ಬೆಳಗ್ಗೆ 10ಕ್ಕೆ ಕಟ್ಟಿದ ಅನ್ನ ಸಾಂಬಾರ್ ಮಧ್ಯಾಹ್ನ 2ಕ್ಕೆ ಹಳಸಿರುತ್ತದೆ. ಪುಳಿಯೋಗರೆ, ಚಿತ್ರಾನ್ನ ತಡೆಯುತ್ತದೆ. ಅಡುಗೆಮನೆಯಿಂದ ಬಡಾವಣೆಗೆ ಅರ್ಧ ಗಂಟೆಯ ದಾರಿ ಮೀರಬಾರದು. ಇಷ್ಟು ಸಣ್ಣ ವಿಷಯದ ಮೇಲೆ ಸಾವಿರಾರು ಪೊಟ್ಟಣಗಳು ಹೊಟ್ಟೆಗೆ ಹೋಗುತ್ತವಾ ಚರಂಡಿಗೆ ಹೋಗುತ್ತವಾ ಅನ್ನುವುದು ನಿಂತಿರುತ್ತದೆ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ನನ್ನ ಮುಖ್ಯ ಮಾತು ಇಲ್ಲೇ ಇದೆ. ಪಿಡುಗಿನ ಕಾಲದಲ್ಲಿ ದಾನದ ದುಡ್ಡು ಕೆಲಸ ಮಾಡುವುದು ಆ ಓಣಿಯನ್ನು ಮೊದಲೇ ಬಲ್ಲವರ ಕೈಗೆ ಸಿಕ್ಕಾಗ. ಯಾರ ಮನೆಯಲ್ಲಿ ಬಸುರಿ ಇದ್ದಾಳೆ, ಯಾರಿಗೆ ಸಕ್ಕರೆ ಕಾಯಿಲೆ, ಯಾವ ಅಜ್ಜಿ ಒಬ್ಬಳೇ ಇದ್ದಾಳೆ, ಯಾರು ನಾಚಿಕೆಗೆ ಸಾಲಿನಲ್ಲಿ ನಿಲ್ಲುವುದಿಲ್ಲ, ಇದೆಲ್ಲ ಗೊತ್ತಿರುವವರು. ಲಾಕ್‌ಡೌನ್ ಶುರುವಾದ ಮೇಲೆ ಹೋಗಿ ಇದನ್ನು ಕಲಿಯಲು ಆಗುವುದಿಲ್ಲ. ಬೆಂಗಳೂರಿನಲ್ಲಿ ಚಿಂದಿ ಆಯುವವರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದ್ದ ಹಸಿರುದಳದಂಥ ಸಂಸ್ಥೆ ಬೇಗ ಮುಟ್ಟಲು ಆದದ್ದು ಇದೇ ಕಾರಣಕ್ಕೆ, ಅವರ ಹತ್ತಿರ ಹೆಸರುಗಳಿದ್ದವು. ಮನೆಗೆಲಸದವರ ಸಂಘಗಳು, ಗಾರ್ಮೆಂಟ್ಸ್ ಕಾರ್ಮಿಕರ ಸಂಘಗಳು, ಬೀದಿ ವ್ಯಾಪಾರಿಗಳ ಸಂಘಗಳು, ಮಸೀದಿ, ಚರ್ಚು, ಗುರುದ್ವಾರ, ಮಠಗಳು, ಇವರಿಗೂ ಅವರವರ ಜನ ಗೊತ್ತಿದ್ದರು. ಮರ್ಸಿ ಮಿಷನ್ ಎಂಬ ಹೆಸರಿನಲ್ಲಿ ಬೆಂಗಳೂರಿನ ಹಲವು ಸಂಸ್ಥೆಗಳು ಒಂದಾಗಿ, ರೇಷನ್‌ನಿಂದ ಹಿಡಿದು ಕೋವಿಡ್‌ನಿಂದ ತೀರಿಹೋದವರ ಅಂತ್ಯಸಂಸ್ಕಾರದವರೆಗೆ, ಯಾವ ಧರ್ಮದವರು ಅಂತ ನೋಡದೆ ಮಾಡಿದ್ದನ್ನು ನಗರ ಕಂಡಿದೆ.

ಆ ಓಣಿಯ ಒಳಗೇ ಇರುವ ಒಬ್ಬ ಹೆಣ್ಣುಮಗಳ ಬಗ್ಗೆ ಹೇಳಬೇಕು. ಹೆಸರು ಬೇಡ. ಮೂರು ಮನೆ ಕೆಲಸ ಮಾಡುತ್ತಿದ್ದವರು, ಮೂರೂ ಕಡೆ ಬರಬೇಡ ಅಂದಿದ್ದರು. ಒಂದು ಹಳೆಯ ನೋಟ್‌ಬುಕ್‌ನಲ್ಲಿ ತಮ್ಮ ಗುಡಿಸಲುಗಳ ಸಾಲನ್ನು ಗೆರೆ ಎಳೆದು ಬರೆದುಕೊಂಡಿದ್ದರು. ಪ್ರತಿ ಮನೆ ಎದುರು ಎಷ್ಟು ತಲೆ, ಎಷ್ಟು ಮಕ್ಕಳು, ಯಾವಾಗ ಕಿಟ್ ಬಂತು, ಯಾರು ಕೊಟ್ಟರು. ಗರ್ಭಿಣಿ ಇದ್ದ ಮನೆಗೆ ಒಂದು ಚುಕ್ಕಿ. ಕಂಪನಿಯವರ ಎಕ್ಸೆಲ್ ಶೀಟಿಗಿಂತ ಆ ನೋಟ್‌ಬುಕ್ ಸರಿಯಾಗಿತ್ತು. ಅವರ ಫೋನಿಗೆ ತಿಂಗಳಿಗೆ 250 ರೂಪಾಯಿ ರೀಚಾರ್ಜ್ ಮಾಡಿಸಲು, ಓಡಾಟಕ್ಕೆ ದಿನಕ್ಕೆ ಸ್ವಲ್ಪ ಹಣ ಕೊಡಲು ದಾನಿಗಳನ್ನು ಒಪ್ಪಿಸುವುದು ನಮಗೆ ಸಾಕುಸಾಕಾಯಿತು. ಎಲ್ಲರೂ ಕೇಳುತ್ತಿದ್ದದ್ದು ಒಂದೇ, ನಮ್ಮ ದುಡ್ಡು ಪೂರ್ತಿ ಅಕ್ಕಿಗೇ ಹೋಗಬೇಕು, ಆಡಳಿತದ ಖರ್ಚಿಗೆ ಒಂದು ಪೈಸೆಯೂ ಹೋಗಬಾರದು. ಆ ಕಳಕಳಿ ನನಗೆ ಅರ್ಥ ಆಗುತ್ತದೆ. ದಾನದ ಹೆಸರಿನಲ್ಲಿ ಮೋಸ ಮಾಡುವವರೂ ಇದ್ದಾರೆ. ಆದರೆ ಆ ಹೆಣ್ಣುಮಗಳ ಫೋನ್ ಬಂದ್ ಆದರೆ ಅಕ್ಕಿ ಎಲ್ಲಿಗೆ ಹೋಗಬೇಕು ಅಂತಲೇ ನಮಗೆ ಗೊತ್ತಾಗುತ್ತಿರಲಿಲ್ಲ.

ಗೊತ್ತಿಲ್ಲದೆ ಹಂಚಿದರೆ ಏನಾಗುತ್ತದೆ ಅಂತಲೂ ನೋಡಿದ್ದೇವೆ. ಮುಖ್ಯರಸ್ತೆಗೆ ಕಾಣುವ ಕೊಳೆಗೇರಿಗೆ ಒಂದೇ ದಿನ ಮೂರು ಕಡೆಯಿಂದ ಊಟ ಬರುತ್ತಿತ್ತು. ಅರ್ಧ ಕಿಲೋಮೀಟರ್ ಒಳಗೆ, ಎರಡು ಅಪಾರ್ಟ್‌ಮೆಂಟ್‌ಗಳ ಹಿಂದೆ ಇದ್ದ ಶೆಡ್ಡುಗಳಿಗೆ ವಾರಗಟ್ಟಲೆ ಯಾರೂ ಹೋಗಲಿಲ್ಲ. ಕೊಳಚೆ ಅಭಿವೃದ್ಧಿ ಮಂಡಳಿಯ ಪಟ್ಟಿಯಲ್ಲಿ ಇರುವ ಕೊಳೆಗೇರಿಗೆ ಅಧಿಕಾರಿಗಳೂ ಹೋಗುತ್ತಾರೆ, ಪುಢಾರಿಗಳೂ ಹೋಗುತ್ತಾರೆ. ಘೋಷಣೆಯಾಗದ ಬಡಾವಣೆಗಳಿಗೆ, ಅದರಲ್ಲೂ ಓಟು ಇಲ್ಲದ ಹೊರಗಿನವರು ಇರುವ ಕಡೆ, ಹೋಗುವವರು ಕಡಿಮೆ. ನಿಮ್ಮ ದುಡ್ಡು ಅತಿ ಜಾಸ್ತಿ ವ್ಯತ್ಯಾಸ ಮಾಡಿದ್ದು ಅಲ್ಲೇ.

ಫೋಟೊ ಬಗ್ಗೆ ಒಂದು ಮಾತು. ಕಿಟ್ ಕೈಯಲ್ಲಿ ಹಿಡಿಸಿ, ಬ್ಯಾನರ್ ಮುಂದೆ ನಿಲ್ಲಿಸಿ ಫೋಟೊ ತೆಗೆಯಬೇಡಿ. ಲೆಕ್ಕಕ್ಕೆ ಸಹಿ ಇದೆ, ಪಟ್ಟಿ ಇದೆ, ಬಿಲ್ ಇದೆ. ನಿನ್ನೆಯವರೆಗೆ ದುಡಿದು ತಿಂದವರು ಅವರು.

ಈಗ ನಗದಿನ ವಿಷಯ. ನನ್ನ ಅನುಭವದಲ್ಲಿ ಮೊದಲ ಎರಡು ಮೂರು ವಾರ ಅಂಗಡಿ ಬಂದ್, ಓಡಾಟ ಬಂದ್ ಇದ್ದಾಗ ಸಾಮಾನು ಕೊಡುವುದೇ ಸರಿ. ಅಂಗಡಿಗಳು ತೆರೆದ ಮೇಲೆ ನಗದು ಸರಿ. ಯಾಕೆಂದರೆ ಬಡವರ ಮನೆಯಲ್ಲಿ ಹಸಿವಿನ ಜೊತೆ ಇನ್ನೂ ನಾಲ್ಕು ಕಷ್ಟ ಇರುತ್ತವೆ. ಬಾಡಿಗೆ ಕೊಡಬೇಕು. ಒಂದು ತಿಂಗಳ ಬಾಡಿಗೆ ಕೇಳಬೇಡಿ ಅಂತ ಕೇಂದ್ರ ಗೃಹ ಇಲಾಖೆ ಮಾರ್ಚ್ 29ಕ್ಕೆ ಆದೇಶ ಹೊರಡಿಸಿತ್ತು, ಆದರೆ 10 ಅಡಿ 10 ಅಡಿ ರೂಮಿನಲ್ಲಿ ಇರುವವರು ಆ ಆದೇಶದ ಪ್ರತಿ ಹಿಡಿದು ಮಾಲೀಕರ ಜೊತೆ ವಾದ ಮಾಡುವುದಕ್ಕೆ ಆಗುತ್ತದಾ? ಬಿಪಿ ಮಾತ್ರೆ ತರಬೇಕು. ಮಕ್ಕಳ ಕ್ಲಾಸಿಗೆ ಫೋನಿಗೆ ಡೇಟಾ ಹಾಕಿಸಬೇಕು. ಜನಧನ್ ಖಾತೆ ಇದ್ದ ಹೆಣ್ಣುಮಕ್ಕಳಿಗೆ ಕೇಂದ್ರ ಸರ್ಕಾರ ತಿಂಗಳಿಗೆ 500 ರೂಪಾಯಿಯಂತೆ ಮೂರು ತಿಂಗಳು ಹಾಕಿತು. ಇದರಲ್ಲಿ ಬಾಡಿಗೆ ಆಗುವುದಿಲ್ಲ, ಒಪ್ಪೋಣ, ಆದರೂ ಅದು ಅವರ ಕೈಗೇ ಹೋಯಿತು, ಏನು ಮಾಡಬೇಕು ಅಂತ ಅವರೇ ತೀರ್ಮಾನ ಮಾಡಿದರು.

ಕೈಯಲ್ಲಿ ನಗದು ಇಲ್ಲದಿದ್ದರೆ ಆ ಮನೆಯವರು ಹೋಗುವುದು ಮೀಟರ್ ಬಡ್ಡಿಯವರ ಹತ್ತಿರ. ಇಲ್ಲಾ ಗಿರವಿ ಅಂಗಡಿಗೆ. ಇನ್ನೂ ಕಷ್ಟವಾದರೆ ಹೊಲಿಗೆ ಯಂತ್ರ ಮಾರುತ್ತಾರೆ, ತಳ್ಳುಗಾಡಿ ಮಾರುತ್ತಾರೆ. ಅದು ಹೋದರೆ ಲಾಕ್‌ಡೌನ್ ತೆರೆದ ಮೇಲೂ ದುಡಿಮೆ ಇಲ್ಲ. ರಿಸರ್ವ್ ಬ್ಯಾಂಕ್ 2020ರ ಆಗಸ್ಟ್ ಕೊನೆಯವರೆಗೆ ಸಾಲದ ಕಂತು ಮುಂದೂಡಲು ಅವಕಾಶ ಕೊಟ್ಟಿತ್ತು, ಬೀದಿ ವ್ಯಾಪಾರಿಗಳಿಗೆ 10,000 ರೂಪಾಯಿ ಸಾಲದ ಸ್ವನಿಧಿ ಯೋಜನೆ ಜೂನ್‌ನಲ್ಲಿ ಬಂತು. ಮೀಟರ್ ಬಡ್ಡಿಯವರಿಗೆ ರಿಸರ್ವ್ ಬ್ಯಾಂಕ್ ಲೆಕ್ಕಕ್ಕಿಲ್ಲ. ಸರಿಯಾದ ವಾರದಲ್ಲಿ ಸಿಕ್ಕ 3,000 ರೂಪಾಯಿ ಒಂದು ಮನೆಯ ದುಡಿಮೆಯ ಸಾಧನವನ್ನೇ ಉಳಿಸಿದ್ದನ್ನು ನೋಡಿದ್ದೇನೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ 2021ರ ವರದಿ ಪ್ರಕಾರ ಆ ಒಂದು ವರ್ಷದಲ್ಲಿ ದೇಶದಲ್ಲಿ ಸುಮಾರು 23 ಕೋಟಿ ಜನ ಕನಿಷ್ಠ ಕೂಲಿಯ ಗೆರೆಯಿಂದ ಕೆಳಗೆ ಜಾರಿದರು. ಇಷ್ಟು ಜನರನ್ನು ದಾನದಿಂದ ಮೇಲೆತ್ತಲು ಸಾಧ್ಯವಿಲ್ಲ. ಇನ್ನೂ ಕೆಳಗೆ, ಎದ್ದೇಳಲಾಗದ ಕಡೆಗೆ ಜಾರದ ಹಾಗೆ ಕೆಲವು ಮನೆಗಳನ್ನು ಹಿಡಿದು ನಿಲ್ಲಿಸಬಹುದು.

ಸರ್ಕಾರದ ಹಣವನ್ನು ಹೊರಗೆ ಎಳೆಯುವುದು ದಾನದ ಇನ್ನೊಂದು ಕೆಲಸ, ಇದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. 2021ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ 1,250 ಕೋಟಿ ರೂಪಾಯಿ ಪ್ಯಾಕೇಜ್ ಘೋಷಿಸಿತು. ಕಟ್ಟಡ ಕಾರ್ಮಿಕರಿಗೆ, ಆಟೊ ಚಾಲಕರಿಗೆ 3,000, ಮನೆಗೆಲಸದವರು, ಟೈಲರ್‌ಗಳಂಥವರಿಗೆ, ಬೀದಿ ವ್ಯಾಪಾರಿಗಳಿಗೆ 2,000. ಪಡೆಯಬೇಕಾದರೆ ಬಹುತೇಕರು ರಾಜ್ಯ ಸರ್ಕಾರದ ಸೇವಾ ಸಿಂಧು ಎಂಬ ಆನ್‌ಲೈನ್ ತಾಣದಲ್ಲಿ ಅರ್ಜಿ ಹಾಕಬೇಕು, ಖಾತೆಗೆ ಆಧಾರ್ ಜೋಡಣೆ ಆಗಿರಬೇಕು, ಏನು ಕೆಲಸ ಮಾಡುತ್ತೇವೆ ಅನ್ನುವುದಕ್ಕೆ ಪ್ರಮಾಣಪತ್ರ ಬೇಕು. ಸೈಬರ್ ಸೆಂಟರ್‌ಗಳೇ ಮುಚ್ಚಿದ್ದ ಕಾಲ ಅದು. ಓದಲು ಬಾರದ, ಬಟನ್ ಫೋನ್ ಇರುವ ಹೆಂಗಸು ಇದನ್ನು ಒಬ್ಬಳೇ ಮಾಡುವುದು ಹೇಗೆ? ಬೇಕಾದರೆ ಲೆಕ್ಕ ಹಾಕಿ. ಒಬ್ಬ ಕಾರ್ಯಕರ್ತೆಗೆ ತಿಂಗಳಿಗೆ 15,000 ಸಂಬಳ ಕೊಟ್ಟು, ಅವರು ಆ ತಿಂಗಳು 100 ಮನೆಯ ಅರ್ಜಿ ತುಂಬಿಸಿದರೆ, 2,000ದಂತೆ 2 ಲಕ್ಷ ರೂಪಾಯಿ ಆ ಓಣಿಗೆ ಬರುತ್ತದೆ. ಅದೇ 15,000ಕ್ಕೆ ಕಿಟ್ ಕೊಂಡರೆ 15 ಮನೆಗೆ ಆಗುತ್ತದೆ. ಎರಡೂ ಬೇಕು, ಆದರೆ ಮೊದಲನೆಯದಕ್ಕೆ ದುಡ್ಡು ಕೊಡುವವರು ಸಿಗುವುದೇ ಇಲ್ಲ.

2020ರ ಮೇ ತಿಂಗಳಲ್ಲಿ ಊರಿಗೆ ಹೋಗುವವರ ರೈಲಿನ ವಿಷಯದಲ್ಲೂ ಹೀಗೇ ಆಯಿತು. ಹೆಸರು ನೋಂದಾಯಿಸಬೇಕಿದ್ದದ್ದು ಸೇವಾ ಸಿಂಧುವಿನಲ್ಲೇ. ಒಡಿಯಾ, ಬಂಗಾಳಿ ಬಿಟ್ಟರೆ ಬೇರೆ ಭಾಷೆ ಬಾರದ ಹುಡುಗರು ಅದನ್ನು ತುಂಬುವುದೆಲ್ಲಿಂದ ಬಂತು? ಕಾಲೇಜು ಹುಡುಗ ಹುಡುಗಿಯರು ರಾತ್ರಿಯೆಲ್ಲ ಫೋನಿನಲ್ಲಿ ಕೂತು ತುಂಬಿಕೊಟ್ಟರು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನ ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸಿ, ಮುಂಬೈನಲ್ಲಿ ಸಿಕ್ಕಿಕೊಂಡಿದ್ದ ಜಾರ್ಖಂಡ್‌ನ ಕಾರ್ಮಿಕರನ್ನು ಮೇ 28ರಂದು ವಿಮಾನದಲ್ಲೇ ರಾಂಚಿಗೆ ಕಳಿಸಿದ್ದು ನಿಮಗೆ ನೆನಪಿರಬಹುದು.

ಎರಡನೇ ಅಲೆಯ ಚಿತ್ರ ಬೇರೆ. 2021ರ ಏಪ್ರಿಲ್ 27ರ ರಾತ್ರಿಯಿಂದ ರಾಜ್ಯದಲ್ಲಿ ಮತ್ತೆ ಬಂದ್. ಈ ಸಲ ದಾನಿಗಳ ಮನೆಯಲ್ಲೇ ಕಾಯಿಲೆ, ಸಾವು. ದುಡ್ಡೆಲ್ಲ ಆಮ್ಲಜನಕದ ಕಡೆ ಹೋಯಿತು. ಹೋಗಲೇಬೇಕಿತ್ತು ಕೂಡ. ಗಾಳಿಯಿಂದಲೇ ಆಮ್ಲಜನಕ ಬೇರ್ಪಡಿಸಿ ಕೊಡುವ ಕಾನ್ಸಂಟ್ರೇಟರ್ ಯಂತ್ರಗಳ ಆಮದು ಸುಂಕವನ್ನು ಕೇಂದ್ರ ಸರ್ಕಾರ ತೆಗೆಯಿತು, ಉಚಿತವಾಗಿ ಹಂಚಲು ತರಿಸಿದವಕ್ಕೆ ಜಿಎಸ್‌ಟಿಯೂ ಬೇಡ ಎಂದಿತು. ವಿದೇಶದ ಕನ್ನಡಿಗರು ತುಂಬಾ ಯಂತ್ರಗಳನ್ನು ಕಳಿಸಿಕೊಟ್ಟರು. ಆದರೆ ನಿಮಿಷಕ್ಕೆ 5 ಲೀಟರ್ ಕೊಡುವ ಯಂತ್ರ ಸೌಮ್ಯ ರೋಗಿಗೆ, ಆಸ್ಪತ್ರೆಯಿಂದ ಮನೆಗೆ ಬಂದವರಿಗೆ ಸರಿ. ಉಸಿರಾಟ ತೀರಾ ಕುಸಿದವರಿಗೆ ಅದು ಸಾಲದು. ಅದಕ್ಕೆ ನಿಲ್ಲದ ಕರೆಂಟ್ ಬೇಕು, ಒಂದು ಶೀಟಿನ ಮನೆಯಲ್ಲಿ ಅದೇ ಇಲ್ಲ. ಕೊಳೆಗೇರಿಗಳಲ್ಲಿ ಹೆಚ್ಚು ಜೀವ ಉಳಿಸಿದ್ದು ಪಲ್ಸ್ ಆಕ್ಸಿಮೀಟರ್, ಅಂದರೆ ಬೆರಳಿಗೆ ಹಾಕಿ ರಕ್ತದಲ್ಲಿ ಆಮ್ಲಜನಕ ಶೇಕಡಾ ಎಷ್ಟಿದೆ ಅಂತ ನೋಡುವ ಸಣ್ಣ ಯಂತ್ರ, ಅನ್ನುವುದು ನನ್ನ ನಂಬಿಕೆ. ಓಣಿಗೆ ಎರಡು ಆಕ್ಸಿಮೀಟರ್, ಆಶಾ ಕಾರ್ಯಕರ್ತೆಗೋ ಯಾರೋ ಒಬ್ಬ ಹುಡುಗಿಗೋ ಅದನ್ನು ಓದುವುದು ಕಲಿಸಿ, 94ಕ್ಕಿಂತ ಇಳಿದರೆ ಯಾರಿಗೆ ಫೋನ್ ಮಾಡಬೇಕು ಅಂತ ನಂಬರ್ ಕೊಟ್ಟು, ಆಸ್ಪತ್ರೆಗೆ ಹೋಗಲು ಆಟೊದವರಿಗೆ ಮೊದಲೇ ದುಡ್ಡು ಕೊಟ್ಟು ಇಟ್ಟರೆ ಸಮಯಕ್ಕೆ ಆಸ್ಪತ್ರೆ ತಲುಪಬಹುದು. ಬೇರೆ ಇರಿ ಅಂತ ಹೇಳುವುದು ಸುಲಭ. ಆರು ಜನ ಒಂದೇ ಕೋಣೆ, 20 ಮನೆಗೆ ಒಂದು ಶೌಚಾಲಯ ಇರುವ ಕಡೆ ಹೇಗೆ ಬೇರೆ ಇರುವುದು? 2020ರ ಜುಲೈನಲ್ಲಿ ಮುಂಬೈನ ಮೂರು ವಾರ್ಡ್‌ಗಳಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಕೊಳೆಗೇರಿಯವರಲ್ಲಿ ಶೇ. 57 ಮಂದಿಗೆ ಆಗಲೇ ಸೋಂಕು ತಗುಲಿ ಹೋಗಿತ್ತು, ಉಳಿದ ಕಡೆ ಶೇ. 16. ಶಾಲಾ ಕಟ್ಟಡವನ್ನೋ ಕಲ್ಯಾಣ ಮಂಟಪವನ್ನೋ ಐಸೊಲೇಷನ್‌ಗೆ ಬಿಟ್ಟುಕೊಟ್ಟು, ಅಲ್ಲಿ ಊಟ, ನರ್ಸ್ ವ್ಯವಸ್ಥೆ ಮಾಡಿದವರು ನಿಜವಾಗಿ ಉಪಕಾರ ಮಾಡಿದರು.

ಆದರೆ ಆ ಮೇ ತಿಂಗಳಲ್ಲಿ ಹಸಿವು ಹಿಂದಿನ ವರ್ಷಕ್ಕಿಂತ ಕಡಿಮೆ ಇರಲಿಲ್ಲ. ಉಳಿತಾಯ ಎಲ್ಲ ಮೊದಲ ಅಲೆಯಲ್ಲೇ ಕರಗಿತ್ತು. ನಮ್ಮಲ್ಲಿ ರೇಷನ್‌ಗೆ ಬಂದ ಹಣ ಮಾತ್ರ ಹಿಂದಿನ ವರ್ಷದ ಹತ್ತಿರಕ್ಕೂ ಬರಲಿಲ್ಲ. ಇನ್ನೊಂದು ತೊಡಕೂ ಇತ್ತು. 2020ರ ಸೆಪ್ಟೆಂಬರ್‌ನಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ಆಗಿ, ವಿದೇಶದಿಂದ ಹಣ ಪಡೆದ ದೊಡ್ಡ ಸಂಸ್ಥೆ ಅದನ್ನು ಸಣ್ಣ ಸಂಸ್ಥೆಗೆ ದಾಟಿಸುವ ಹಾಗಿಲ್ಲ ಅಂತ ಆಯಿತು. ಆಡಳಿತ ಖರ್ಚಿನ ಮಿತಿ ಶೇ. 50ರಿಂದ 20ಕ್ಕೆ ಇಳಿಯಿತು. ಹಣ ಬರಬೇಕಾದದ್ದು ದೆಹಲಿಯ ಎಸ್‌ಬಿಐ ಶಾಖೆಯ ಖಾತೆಗೇ. ದುರುಪಯೋಗ ತಡೆಯಲು ಅಂತ ಸರ್ಕಾರ ಹೇಳಿತು. ಓಣಿ ಬಲ್ಲ ಸಣ್ಣ ಸಂಘಗಳಿಗೆ ದುಡ್ಡು ಹರಿಯುವ ದಾರಿಯೇ ಅಲ್ಲಿಗೆ ಮುಚ್ಚಿಹೋಯಿತು ಅನ್ನುವುದು ನನ್ನ ಅಭಿಪ್ರಾಯ, ಎರಡನೇ ಅಲೆಯಲ್ಲಿ ಅದರ ಬಿಸಿ ನಮಗೆ ತಟ್ಟಿತು. ನಿಮ್ಮ ಅಪಾರ್ಟ್‌ಮೆಂಟಿನ ಮಕ್ಕಳು ಅಮೆರಿಕದಲ್ಲಿದ್ದರೆ ಇದನ್ನು ತಿಳಿದುಕೊಳ್ಳಿ: ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅಲ್ಲಿನ ಪೌರತ್ವ ತೆಗೆದುಕೊಂಡವರು ಕೊಟ್ಟರೆ, ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ.

ದೊಡ್ಡ ದುಡ್ಡಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಪ್ರಧಾನಿ ಹೆಸರಿನ ಪರಿಹಾರ ನಿಧಿ ಪಿಎಂ ಕೇರ್ಸ್‌ಗೆ ಶುರುವಾದ ಐದೇ ದಿನದಲ್ಲಿ 3,076 ಕೋಟಿ ಬಂತು. ಕಂಪನಿಗಳು ಅದಕ್ಕೆ ಕೊಟ್ಟರೆ ಸಿಎಸ್‌ಆರ್, ಅಂದರೆ ಕಾನೂನಿನಂತೆ ಸಮಾಜದ ಕೆಲಸಕ್ಕೆ ಮಾಡಬೇಕಾದ ಖರ್ಚಿನ, ಲೆಕ್ಕಕ್ಕೆ ಸೇರುತ್ತಿತ್ತು, ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಕೊಟ್ಟರೆ ಸೇರುತ್ತಿರಲಿಲ್ಲ. ವಿಪ್ರೊ ಮತ್ತು ಅಜೀಂ ಪ್ರೇಮ್‌ಜಿ ಫೌಂಡೇಷನ್ ಒಟ್ಟು 1,125 ಕೋಟಿ ಎತ್ತಿಟ್ಟವು. ಅಂಥ ದುಡ್ಡು ಆಸ್ಪತ್ರೆ ಕಟ್ಟಬಲ್ಲದು, ಲಕ್ಷಗಟ್ಟಲೆ ಊಟ ಕೊಡಬಲ್ಲದು. ನಿಮ್ಮದು ಸಣ್ಣ ದುಡ್ಡು, ಅದಕ್ಕೆ ವೇಗ ಇದೆ. ಸಂಜೆ ಫೋನ್ ಬಂದರೆ ಬೆಳಗ್ಗೆ ಅಕ್ಕಿ ಮುಟ್ಟಿಸಬಹುದು, ಯಾವ ಕಮಿಟಿಯೂ ಬೇಕಿಲ್ಲ.

ಮುಂದೆ ಇಂಥದ್ದು ಬಂದರೆ ಹೀಗೆ ಮಾಡಿ. ಮೊದಲ ದಿನವೇ ಕೊಡಿ, ಒಂದು ಕಂತು ಇಟ್ಟುಕೊಂಡು ಎರಡನೇ ತಿಂಗಳು ಮತ್ತೆ ಕೊಡಿ, ಯಾಕೆಂದರೆ ಟಿವಿಯಲ್ಲಿ ಸುದ್ದಿ ನಿಂತ ಮೇಲೆ ದಾನವೂ ನಿಲ್ಲುತ್ತದೆ. ಸಂಸ್ಥೆಯವರನ್ನು ಕೇಳಬೇಕಾದದ್ದು: ಈ ಏರಿಯಾದಲ್ಲಿ ಎಷ್ಟು ವರ್ಷದಿಂದ ಇದ್ದೀರಿ, ಅಲ್ಲಿನವರೇ ಎಷ್ಟು ಜನ ನಿಮ್ಮ ಜೊತೆ ಇದ್ದಾರೆ, ಯಾರಿಗೆ ಕೊಡಬೇಕು ಅಂತ ಹೇಗೆ ತೀರ್ಮಾನಿಸುತ್ತೀರಿ. ಉತ್ತರ ಕೊಡಲು ತಡವರಿಸಿದರೆ ಬೇರೆಯವರನ್ನು ನೋಡಿ. ಬಿಲ್ ಕೇಳಿ, ದಾನಕ್ಕೆ ಆದಾಯ ತೆರಿಗೆ ವಿನಾಯಿತಿ ಸಿಗುವ 80ಜಿ ರಸೀದಿ ಕೇಳಿ. ನೆನಪಿರಲಿ, 2,000 ರೂಪಾಯಿ ಮೀರಿ ನಗದಾಗಿ ಕೊಟ್ಟರೆ ಆ ವಿನಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ಇಂಥದ್ದಕ್ಕೇ ಬಳಸಬೇಕು ಅಂತ ಷರತ್ತು ಹಾಕಬೇಡಿ. ಅಕ್ಕಿಗೆ ಅಂತ ಕೊಟ್ಟ ದುಡ್ಡಿನಲ್ಲಿ ಡಯಾಲಿಸಿಸ್‌ಗೆ ಹೋಗುವವರ ಆಟೊ ಬಾಡಿಗೆ ಕೊಡಲಾಗದೆ ಒದ್ದಾಡಿದ ಸಂಸ್ಥೆಗಳನ್ನು ನಾನು ಕಂಡಿದ್ದೇನೆ.

ಇನ್ನು ಖಾತೆಯಲ್ಲಿ ಉಳಿದಿರುವ ಹಣ. ಮೊದಲು ಕೊಟ್ಟವರಿಗೆಲ್ಲ ಒಂದು ಮೆಸೇಜ್ ಹಾಕಿ ಒಪ್ಪಿಗೆ ತೆಗೆದುಕೊಳ್ಳಿ. ಆಮೇಲೆ ನಿಮ್ಮ ಕಟ್ಟಡದಿಂದಲೇ ಶುರು ಮಾಡಿ. ನಿಮ್ಮ ಮನೆಗಳಿಗೆ ಕೆಲಸಕ್ಕೆ ಬರುವವರು, ಹೌಸ್‌ಕೀಪಿಂಗ್‌ನವರು, ಕಾರು ತೊಳೆಯುವ ಹುಡುಗರು, ಇಸ್ತ್ರಿ ಅಂಗಡಿಯವರು, ಇವರಲ್ಲಿ ಎಷ್ಟು ಜನರ ಹತ್ತಿರ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಇದೆ ಅಂತ ಕೇಳಿ ನೋಡಿ. ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಅದರಲ್ಲಿ ಸಿಗುತ್ತದೆ. ಅಸಂಘಟಿತ ಕಾರ್ಮಿಕರ ಇ-ಶ್ರಮ್ ನೋಂದಣಿ ಆಗಿದೆಯಾ, ರೇಷನ್ ಕಾರ್ಡ್‌ನಲ್ಲಿ ಮಕ್ಕಳ ಹೆಸರು ಸೇರಿದೆಯಾ, ಖಾತೆಗೆ ಆಧಾರ್ ಜೋಡಿಸಿದ್ದಾರಾ, ಕೇಳಿ. ಗಾರೆ ಕೆಲಸದವರು ಯಾರಾದರೂ ಇದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಇದೆಯಾ ಅಂತ ವಿಶೇಷವಾಗಿ ಕೇಳಿ, ಕಟ್ಟಡಗಳ ಮೇಲೆ ಹಾಕುವ ಸೆಸ್ ಹಣ ಆ ಮಂಡಳಿಯಲ್ಲಿದೆ, 2020ರಲ್ಲಿ ಅವರಿಗೆ ಸಿಕ್ಕ 5,000 ರೂಪಾಯಿ ನೋಂದಣಿ ಇದ್ದವರಿಗೇ ಸಿಕ್ಕಿದ್ದು.

ಭಾನುವಾರ ಮಧ್ಯಾಹ್ನ ಕ್ಲಬ್ ಹೌಸ್‌ನಲ್ಲಿ ಒಂದು ಕ್ಯಾಂಪ್ ಇಡಿ. ಬೆಳಗ್ಗೆ ಬೇಡ, ಆಗ ಅವರಿಗೆ ಕೆಲಸ ಇರುತ್ತದೆ. ಎರಡು ಲ್ಯಾಪ್‌ಟಾಪ್, ಒಂದು ಜೆರಾಕ್ಸ್ ಯಂತ್ರ, ಫಾರಂ ತುಂಬಲು ನಿಮ್ಮ ಕಟ್ಟಡದ ನಾಲ್ಕು ಕಾಲೇಜು ಮಕ್ಕಳು, ಇದರ ಒಳಹೊರಗು ಬಲ್ಲ ಮನೆಗೆಲಸದವರ ಸಂಘದಿಂದ ಒಬ್ಬರು. ಅವರ ದಿನದ ಸಂಬಳ ನಿಮ್ಮ ಅಪಾರ್ಟ್‌ಮೆಂಟ್ ಸಂಘದ ದುಡ್ಡಿನಿಂದಲೇ ಕೊಡಿ. ಒಂದೇ ಸಲಕ್ಕೆ ಮುಗಿಯುವುದಿಲ್ಲ, ಅರ್ಜಿ ತಿರಸ್ಕಾರ ಆಗಿ ವಾಪಸ್ ಬರುತ್ತವೆ, ಹಾಗಾಗಿ ತಿಂಗಳಿಗೊಂದು ಭಾನುವಾರ ಅಂತ ನಿಗದಿ ಮಾಡಿ. ಯಾರ ಹತ್ತಿರ ಯಾವ ಕಾರ್ಡ್ ಇದೆ, ಯಾವುದಿಲ್ಲ ಅಂತ ಪಟ್ಟಿ ಮಾಡಿ, ಅದರ ಒಂದು ಪ್ರತಿಯನ್ನು, ಆ ಮನೆಯವರ ಒಪ್ಪಿಗೆ ಕೇಳಿ, ಫೋನ್ ನಂಬರ್ ಸಮೇತ ನಿಮ್ಮ ಸಂಘದಲ್ಲಿ ಇಟ್ಟುಕೊಳ್ಳಿ. ಖರ್ಚು ಕಳೆದು ಏನಾದರೂ ಉಳಿದರೆ ಹತ್ತಿರದ ಯಾವುದಾದರೂ ಕಾರ್ಮಿಕ ಸಂಘಕ್ಕೆ ಷರತ್ತಿಲ್ಲದೆ ಕೊಟ್ಟುಬಿಡಿ. ಅವರು ಅದನ್ನು ಸಂಬಳಕ್ಕೆ ಬಳಸುತ್ತೇವೆ ಅಂದರೂ ಬೇಡ ಅನ್ನಬೇಡಿ.